ತಕರಾರು ಮಾಸ್ತರು

ಊರಿಗೊಬ್ಬ ನಾಟಿ ವೈದ್ಯ, ಊರಿಗೊಬ್ಬ ಪಂಚ, ಊರಿಗೊಬ್ಬ ಜಗಳಗಂಟ ಇರುತ್ತಿದ್ದ ಕಾಲ ಹೋಯಿತು. ಈಗ ಊರಿಗೊಬ್ಬ ಕಸ್ಟಮರ್ ಕೇರ್ ಪ್ರವೀಣ ಇರುತ್ತಾನೆ. ಯಾರ ಖಾತೆಯಿಂದ ರೊಕ್ಕ ಹಾರಿದರೂ, ಯಾರ ಪಾರ್ಸಲ್ ದಾರಿ ತಪ್ಪಿದರೂ, ಯಾರ ರೀಚಾರ್ಜು ಗಾಳಿಗೆ ಹೋದರೂ ಜನ ಫೋನು ಹಿಡಿದುಕೊಂಡು ಅವನ ಮನೆಯ ಕಟ್ಟೆಗೆ ಬರುತ್ತಾರೆ. ವಯಸ್ಸು ಅರವತ್ತು ದಾಟಿರುತ್ತದೆ, ಪಿಂಚಣಿ ಬರುತ್ತಿರುತ್ತದೆ, ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ, ವೇಳೆ ಬೇಕಾದಷ್ಟಿರುತ್ತದೆ. ದೊಡ್ಡ ಕಂಪನಿಗಳು ವಕೀಲರಿಗೆ ಹೆದರುವುದಿಲ್ಲ, ಪತ್ರಿಕೆಗಳಿಗೆ ಹೆದರುವುದಿಲ್ಲ. ವೇಳೆ ಇರುವ ಮನುಷ್ಯನಿಗೆ ಮಾತ್ರ ಹೆದರುತ್ತವೆ.

ಕಣಕುಂಬಿಯಲ್ಲಿ ಈ ಹುದ್ದೆ ತಕರಾರು ಮಾಸ್ತರದು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹುಟ್ಟಿದಾಗ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಬಿಳಿ ಪೈಜಾಮ, ನೆಹರೂ ಶರ್ಟು, ತಲೆಗೆ ಗಾಂಧಿ ಟೋಪಿ, ಮಳೆಗಾಲದಲ್ಲಿ ಅದರ ಮೇಲೊಂದು ಪ್ಲಾಸ್ಟಿಕ್ ಕೊಪ್ಪೆ. ಕಂಕುಳಲ್ಲಿ ಉದ್ದನೆಯ ರಿಜಿಸ್ಟರ್. ಶಾಲೆಯ ಹಾಜರಿ ಪುಸ್ತಕದ ಹಾಗೆಯೇ ಗೆರೆ ಹೊಡೆದು ಅಂಕಣ ಮಾಡಿದ್ದಾರೆ: ತಾರೀಖು, ವೇಳೆ, ಮಾತಾಡಿದವರು ಹೇಳಿದ ಹೆಸರು, ತಕರಾರು ನಂಬರು, ಕೊಟ್ಟ ವಚನ, ತಪ್ಪಿದ ದಿನ. ಕೊನೆಯ ಅಂಕಣ ಎಂದೂ ಖಾಲಿ ಉಳಿದಿಲ್ಲ.

ಇಂಥ ಕೆಲಸಕ್ಕೆ ಕಣಕುಂಬಿಯಷ್ಟು ಪ್ರತಿಕೂಲವಾದ ಊರು ಸಿಗುವುದು ಕಷ್ಟ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿಯ ಕಡೆ ಹೋದರೆ ಖಾನಾಪುರ ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಮಾವುಲಿ ದೇವಿಯ ಸನ್ನಿಧಿಯಲ್ಲಿ, ಮಲಪ್ರಭೆ ಹುಟ್ಟುವ ಊರು ಇದು. ಜೂನಿನಲ್ಲಿ ಹಿಡಿದ ಮಳೆ ನವರಾತ್ರಿಯ ಹೊತ್ತಿಗೆ ಬಿಟ್ಟರೆ ಪುಣ್ಯ. ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರು ಹೋಗುತ್ತದೆ. ಟವರು ಇದ್ದ ದಿನವೂ ಸಿಗ್ನಲ್ಲು ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯ ಬಲಮೂಲೆಯಲ್ಲಿ ಮಾತ್ರ ಸಿಗುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಫೋನು ಗೋವಾದ ಟವರು ಹಿಡಿದು, ತಮ್ಮ ರಾಜ್ಯಕ್ಕೆ ಸ್ವಾಗತ ಎಂದು ಸಂದೇಶ ಕಳಿಸುತ್ತದೆ. ಮಾಸ್ತರು ಒಂದು ಅರ್ಧ ಚಹಾ ಮುಗಿಸುವುದರೊಳಗೆ ಇಂಥ ಪರರಾಜ್ಯ ಪ್ರವಾಸ ಹಲವು ಸಲ ಆಗಿರುತ್ತದೆ. ಅವರಿಗೆ ಕನ್ನಡ, ಮರಾಠಿ, ಕೊಂಕಣಿ, ಹಿಂದಿ ನಾಲ್ಕೂ ಬರುತ್ತವೆ. ಯಾವ ಭಾಷೆಯಲ್ಲೂ ಸಿಟ್ಟು ಬರುವುದಿಲ್ಲ. ಅವರ ಶಕ್ತಿ ಇರುವುದೇ ಅಲ್ಲಿ.

ಕಸ್ಟಮರ್ ಕೇರಿನವರು ಸಿಟ್ಟಿಗೆ ತಯಾರಾಗಿ ಕೂತಿರುತ್ತಾರೆ. ಬೈದರೆ ಏನು ಹೇಳಬೇಕು, ಅತ್ತರೆ ಏನು ಹೇಳಬೇಕು ಎಂಬುದೆಲ್ಲ ಅವರ ಮುಂದೆ ಬರೆದಿಟ್ಟಿರುತ್ತದೆ. ಶಾಂತವಾಗಿ ಪ್ರಶ್ನೆ ಕೇಳುವವನಿಗೆ ಏನು ಹೇಳಬೇಕೆಂದು ಮಾತ್ರ ಯಾರೂ ಬರೆದಿಟ್ಟಿಲ್ಲ.

“ನಿಮ್ಮ ಸಮಸ್ಯೆ ನನಗೆ ಅರ್ಥವಾಯಿತು ಸರ್.”

“ಭಾಳ ಚಲೋ ಆತವಾ. ಏನ ಅರ್ಥ ಆತು, ಒಮ್ಮೆ ಹೇಳು ನೋಡೂಣು.”

ಆ ಕಡೆ ಮೌನ. ಹಿಂದಿನ ಬೆಂಚಿನ ಹುಡುಗರನ್ನು ಎಬ್ಬಿಸಿ ನಿಲ್ಲಿಸಿದ ಅನುಭವ ಎಲ್ಲಿ ಹೋದೀತು? ಹುಡುಗಿ ತಡವರಿಸಿ ಏನೋ ಹೇಳುತ್ತಾಳೆ. ಮಾಸ್ತರು ಅರ್ಧ ಮಾರ್ಕು ಕೊಟ್ಟು ಮತ್ತೆ ಮೊದಲಿಂದ ಹೇಳಿಕೊಡುತ್ತಾರೆ. ಒಮ್ಮೆ ಆಷಾಢದ ಮಳೆಯಲ್ಲಿ ತಗಡಿನ ಚಾವಣಿಯ ಕೆಳಗೆ ನಿಂತು ಮಾತಾಡುತ್ತಿದ್ದರು.

“ಸರ್, ನಿಮ್ಮ ಹಿಂದೆ ತುಂಬಾ ಶಬ್ದ ಬರುತ್ತಿದೆ.”

“ಅದು ಮಳೀ, ತಂಗಿ.”

“ದಯವಿಟ್ಟು ಮಳೆ ನಿಂತ ಮೇಲೆ ಕರೆ ಮಾಡಿ ಸರ್.”

“ಹಂಗಾರ ಅಕ್ಟೋಬರದಾಗ ಮಾಡ್ತೇನಿ. ಅಲ್ಲೀತನಾ ರೊಕ್ಕ ನಿಮ್ಮ ಹತ್ರನ ಇರ್ಲೇನು?”

ಮಾಸ್ತರ ಕೀರ್ತಿ ಹರಡಿದ್ದು ಮಿಕ್ಸರ್ ಪ್ರಕರಣದಿಂದ. ಅವರ ಓಣಿಯ ಅಕ್ಕನೊಬ್ಬಳು ಆನ್‌ಲೈನಿನಲ್ಲಿ ಮಿಕ್ಸರ್ ತರಿಸಿದಳು. ಅದು ಎಲ್ಲೆಲ್ಲಿಂದಲೋ ಹೊರಟು ಬೆಳಗಾವಿಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ದಿನವೂ ಸಂಜೆ ಫೋನಿಗೆ ಸಂದೇಶ: ‘ನಮ್ಮ ಪ್ರತಿನಿಧಿ ಬಂದಾಗ ಗ್ರಾಹಕರು ಮನೆಯಲ್ಲಿರಲಿಲ್ಲ.’ ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ವರ್ಷಗಟ್ಟಲೆಯಿಂದ ಹೊಸ್ತಿಲು ದಾಟಿದವಳಲ್ಲ. ತಾನು ಮನೆಯಲ್ಲಿರಲಿಲ್ಲ ಎಂದು ಕಂಪನಿಯವರು ಬರೆದದ್ದು ಕೇಳಿ ಆಕೆ, ‘ಹಂಗಾರ ನಾ ಎಲ್ಲಿ ಹೋಗಿದ್ನಿ?’ ಎಂದು ಎಲ್ಲರನ್ನೂ ಕೇಳತೊಡಗಿದಳು. ಮಾಸ್ತರು ಫೋನು ಹಚ್ಚಿದರು.

“ಸರ್, ಯಾವುದಾದರೂ ಲ್ಯಾಂಡ್‌ಮಾರ್ಕ್ ಹೇಳಿ.”

“ಮಲಪ್ರಭಾ ಹೊಳಿ ಹುಟ್ಟೂ ಜಾಗಾ.”

“ಅದಲ್ಲ ಸರ್, ಹತ್ತಿರದಲ್ಲಿ ಮಾಲ್, ಎಟಿಎಂ ಏನಾದರೂ?”

ಮಾಸ್ತರು ಅಲ್ಲಿಯೇ ಒಂದು ಭೂಗೋಳದ ಪಾಠ ತೆಗೆದರು. ಇಲ್ಲಿ ಹುಟ್ಟಿದ ಹೊಳೆ ಯಾರನ್ನೂ ಲ್ಯಾಂಡ್‌ಮಾರ್ಕ್ ಕೇಳದೆ ಖಾನಾಪುರ ದಾಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ತುಂಬಿ, ಪಟ್ಟದಕಲ್ಲು, ಐಹೊಳೆ ಮುಟ್ಟಿ, 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೆಳಗಾವಿಗೆ ಬಂದ ಮಿಕ್ಸರಿಗೆ ಒಂದು ತಾಲ್ಲೂಕು ದಾಟಲು ಏನು ಅಡ್ಡಿ? ಹುಡುಗಿ, ‘ನಿಮ್ಮ ಸಲಹೆಗೆ ಧನ್ಯವಾದ’ ಎಂದಳು. ಮಾಸ್ತರು ಸೋಲಲಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಹೆಸರು, ವಿಳಾಸ ಪ್ರಕಟಿಸಬೇಕು. ಆತ 48 ತಾಸಿನೊಳಗೆ ದೂರು ಮುಟ್ಟಿದ್ದಕ್ಕೆ ಉತ್ತರ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮಾಸ್ತರು ಆ ಅಧಿಕಾರಿಗೇ ಇ-ಮೇಲ್ ಬರೆದರು. ಎಲ್ಲ ಸಂದೇಶಗಳ ತಾರೀಖು ಹಾಕಿ, ಕೊನೆಗೆ ಒಂದು ಸಾಲು ಸೇರಿಸಿದರು: ‘ಸದರಿ ಅಜ್ಜಿಯು ಸದರಿ ದಿನಗಳಂದು ಸದರಿ ಮನೆಯಲ್ಲಿಯೇ ಇದ್ದಳು ಎಂದು ದೃಢೀಕರಿಸುತ್ತೇನೆ.’ ಮಿಕ್ಸರ್ ಬಂತು. ತಂದ ಹುಡುಗ ಮೊದಲು ಅಜ್ಜಿಗೆ ಕೈಮುಗಿದ.

ಎರಡನೆಯದು ಜೀಪು ಹೊಡೆಯುವ ಹುಡುಗನ ಪ್ರಕರಣ. ಗೋವಾದ ಸಾಖಳಿಯಲ್ಲಿ ಡೀಸೆಲ್ ಹಾಕಿಸಿ ಯುಪಿಐನಲ್ಲಿ ರೊಕ್ಕ ಕೊಟ್ಟ. ಖಾತೆಯಿಂದ ಹೋಯಿತು, ಬಂಕಿಗೆ ಮುಟ್ಟಲಿಲ್ಲ. ಮತ್ತೆ ನಗದು ಕೊಟ್ಟು ಬಂದ. ಬ್ಯಾಂಕಿಗೆ ಕೇಳಿದರೆ ಆ್ಯಪಿನವರನ್ನು ಕೇಳಿ ಅಂದರು. ಆ್ಯಪಿನವರು ಬಂಕಿನವರ ಬ್ಯಾಂಕನ್ನು ಕೇಳಿ ಅಂದರು. ಆ ಬ್ಯಾಂಕಿನವರು ನಿಮ್ಮ ಬ್ಯಾಂಕನ್ನೇ ಕೇಳಿ ಅಂದರು. ಮಾಸ್ತರು ರಿಜಿಸ್ಟರಿನ ಹಿಂಬದಿ ತೆಗೆದರು. ಅಲ್ಲಿ ಮಗ್ಗಿ ಬರೆದ ಹಾಗೆ ಕಾನೂನು ಬರೆದುಕೊಂಡಿದ್ದಾರೆ.

“ತಮ್ಮಾ, 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕಿನ ಸುತ್ತೋಲೆ ನಿಮ್ಮ ಹತ್ರ ಐತೇನು? ಅಂಗಡಿಗೆ ರೊಕ್ಕ ಮುಟ್ಟಲಿಲ್ಲಂದ್ರ ಐದು ದಿನದಾಗ ತಾನಾಗೇ ವಾಪಸ್ ಬರಬೇಕು. ಆಮ್ಯಾಲೆ ದಿನಕ್ಕ 100 ರೂಪಾಯಿ ದಂಡ. ಇವತ್ತಿಗೆ ಎಷ್ಟಾತು, ಲೆಕ್ಕಾ ಮಾಡು.”

“ಒಂದು ನಿಮಿಷ ಹೋಲ್ಡ್ ಮಾಡಿ ಸರ್.”

ಸಂಗೀತ ಶುರುವಾಯಿತು. ಹೋಲ್ಡಿನ ಸಂಗೀತವನ್ನು ಪೂರ್ತಿ ಕೇಳಿದ ಏಕೈಕ ಭಾರತೀಯ ನಮ್ಮ ಮಾಸ್ತರು. ಅದರಲ್ಲಿ ತಬಲಾ ಎಲ್ಲಿ ತಪ್ಪುತ್ತದೆ ಎಂದೂ ಹೇಳಬಲ್ಲರು. ರೊಕ್ಕ ಮರುದಿನ ಬಂತು, ದಂಡ ಬರಲಿಲ್ಲ. ಹುಡುಗ ಸಾಕು ಬಿಡ್ರಿ ಅಂದ. ಮಾಸ್ತರು ಬಿಡಲಿಲ್ಲ. 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುವುದಾಗಿ ತಿಳಿಸಿದರು. ಇಪ್ಪತ್ತೊಂಬತ್ತನೆಯ ದಿನ ದಂಡವೂ ಬಂತು.

ಎಲ್ಲಕ್ಕಿಂತ ರಸವತ್ತಾದದ್ದು ನೆಟ್‌ವರ್ಕಿನದೇ ತಕರಾರು. ಊರಲ್ಲಿ ಸಿಗ್ನಲ್ಲಿಲ್ಲ ಎಂದು ಮಾಸ್ತರು ಒಂದು ಫೋನ್ ಕಂಪನಿಗೆ ದೂರು ಕೊಟ್ಟರು. ‘ನಮ್ಮ ಸಿಸ್ಟಮ್ಮಿನಲ್ಲಿ ನಿಮ್ಮ ಊರಿನ ಸಿಗ್ನಲ್ ಉತ್ತಮವಾಗಿದೆ ಸರ್’ ಎಂದು ಆ ಕಡೆಯವನು ಹೇಳುತ್ತಿರುವಾಗಲೇ ಕರೆ ಕಡಿಯಿತು. ಕೆಲವು ದಿನ ಬಿಟ್ಟು, ಜಾಂಬೋಟಿಗೆ ಹೋದಾಗ ಸಂದೇಶ ಸಿಕ್ಕಿತು: ‘ನಿಮ್ಮನ್ನು ಸಂಪರ್ಕಿಸಲು ಹಲವು ಬಾರಿ ಯತ್ನಿಸಿದೆವು. ನೀವು ವ್ಯಾಪ್ತಿ ಪ್ರದೇಶದ ಹೊರಗಿದ್ದೀರಿ. ಆದ್ದರಿಂದ ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ.’ ಮಾಸ್ತರು ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಚಹಾದಂಗಡಿಯಲ್ಲಿ ತೂಗುಹಾಕಿದ್ದಾರೆ. ಪಣಜಿಗೆ ಹೋಗುವ ಬಸ್ಸಿನವರು ಚಹಾಕ್ಕೆ ಇಳಿದಾಗ ಓದಿ, ನಕ್ಕು, ತಮ್ಮ ಫೋನು ತೆಗೆದು ನೋಡಿ, ನಗು ನಿಲ್ಲಿಸುತ್ತಾರೆ.

ಮಾಸ್ತರಿಗೆ ಈ ತಾಳ್ಮೆ ಎಲ್ಲಿಂದ ಬಂತೆಂದು ಕೇಳಿದರೆ ಊರಿನ ಕಳಸಾ ನಾಲೆಯ ಕಡೆ ಕೈ ತೋರಿಸುತ್ತಾರೆ. ‘24 ತಾಸು ಕಾಯಿರಿ’ ಎಂದವರಿಗೆಲ್ಲ ಅವರದು ಒಂದೇ ಉತ್ತರ: “ನಮ್ಮೂರ ಹಳ್ಳದ ತಕರಾರಿಗೆ 2010ರಾಗ ಮಹದಾಯಿ ಟ್ರಿಬ್ಯೂನಲ್ ಆತು. ತೀರ್ಪು ಬಂದದ್ದು 2018ರ ಆಗಸ್ಟ್ 14ಕ್ಕ. ಕರ್ನಾಟಕಕ್ಕ 13.42 ಟಿಎಂಸಿ, ಅದರಾಗ ಕಳಸಾಕ್ಕ 1.72. ನೀರು ಇನ್ನೂ ಮಲಪ್ರಭಾಕ್ಕ ತಿರುಗಿಲ್ಲ. ನಾವು ಕಾಯೂ ಮಂದಿ, ತಂಗಿ. ನೀ ತಕರಾರ ನಂಬರಷ್ಟ ಕೊಡು.”

ಆದರೆ ಅವರು ಫೋನೆತ್ತುವ ಮಕ್ಕಳನ್ನು ಎಂದೂ ವೈರಿಗಳೆಂದು ತಿಳಿದಿಲ್ಲ. ಪ್ರತಿಯೊಬ್ಬರಿಗೂ ‘ಯಾವೂರವಾ?’ ಎಂದು ಕೇಳುವುದು ರೂಢಿ. ಹಾಗೆ ಕೇಳಿದಾಗ ಬೈಲಹೊಂಗಲದ ಒಬ್ಬಳು ದನಿ ತಗ್ಗಿಸಿ ತನ್ನ ಮಾತಿಗೆ ಬಂದಳು: “ಸರ, ನಮಗ ಬರದ ಕೊಟ್ಟಷ್ಟ ಹೇಳಬೇಕ್ರಿ. ಒಂದ ಫೋನಿಗೆ ಇಷ್ಟ ನಿಮಿಷ ಅಂತ ಇರ್ತದ. ಜಾಸ್ತಿ ಮಾತಾಡಿದ್ರ ನಮಗ ಕಟ್ ರೀ. ರೊಕ್ಕ ವಾಪಸ್ ಹಾಕೂ ಗುಂಡಿ ನಮ್ಮ ಕಡೆ ಇಲ್ಲೇ ಇಲ್ರೀ.” ಕರೆ ಮುಗಿದ ಮೇಲೆ ಒಂದರಿಂದ ಐದರವರೆಗೆ ಅಂಕ ಕೊಡಿ ಎಂಬ ಸಂದೇಶ ಬಂತು. ಯಾರಿಗೂ ಮೂರರ ಮೇಲೆ ಕೊಡದ ಮಾಸ್ತರು ಅವಳಿಗೆ ಐದಕ್ಕೆ ಐದು ಕೊಟ್ಟರು. ಆ ಫೋನಿನಿಂದ ಕೆಲಸ ಏನೂ ಆಗಿರಲಿಲ್ಲ. ನಿಜ ಹೇಳಿದ್ದಕ್ಕೆ ಅಂಕ. ಚಾಟ್ ಪೆಟ್ಟಿಗೆಯ ಯಂತ್ರಕ್ಕೆ ಮಾತ್ರ ಸದಾ ಸೊನ್ನೆ. ಅದು ಮೂರು ಆಯ್ಕೆ ಕೊಟ್ಟು ನಾಲ್ಕನೆಯದು ಕೇಳಿದರೆ ‘ನಮಸ್ಕಾರ, ಹೇಗೆ ಸಹಾಯ ಮಾಡಲಿ’ ಎಂದು ಮೊದಲಿನಿಂದ ಶುರುಮಾಡುತ್ತದೆ. ನಪಾಸಾದವನನ್ನು ಅದೇ ಇಯತ್ತೆಯಲ್ಲಿ ಕೂರಿಸಬಹುದು, ಇದನ್ನು ಎಲ್ಲಿ ಕೂರಿಸಲಿ ಎಂಬುದು ಅವರ ಚಿಂತೆ.

ಮಾಸ್ತರು ಊರಿಗೆ ಕಲಿಸಿದ ಇನ್ನೊಂದು ಪಾಠವಿದೆ. ಗೂಗಲ್ಲಿನಲ್ಲಿ ಹುಡುಕಿದಾಗ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲಿ ಕಳ್ಳರವೂ ಇರುತ್ತವೆ. ಗುರುತು ಹಿಡಿಯುವುದು ಹೇಗೆ? “ಭಾಳ ಸರಳ. ಮೊದಲನೇ ರಿಂಗಿಗೇ ಎತ್ತಿ, ಸಮಾಧಾನದಿಂದ ಎಲ್ಲಾ ಕೇಳಿ, ಈಗಿಂದೀಗ ರೊಕ್ಕ ವಾಪಸ್ ಕೊಡ್ತೇನಿ ಅಂದ್ರ ಅಂವಾ ಕಳ್ಳ. ಖರೇ ಕಂಪನಿಯವರು ಅಷ್ಟು ಚಲೋ ಮಾತಾಡೂದಿಲ್ಲ.” ಅಂಥವನು ಯಾವುದಾದರೂ ಆ್ಯಪು ಹಾಕಿಕೊಳ್ಳಿ, ಒಟಿಪಿ ಹೇಳಿ ಎಂದರೆ ಫೋನು ಇಟ್ಟು 1930ಕ್ಕೆ ಹಚ್ಚಬೇಕು. ಸೈಬರ್ ಅಪರಾಧದ ಸಹಾಯವಾಣಿ ಅದು.

ಇಷ್ಟು ದೊಡ್ಡ ಮನುಷ್ಯನಿಗೂ ಮನೆಯಲ್ಲಿ ಒಂದು ಪರೀಕ್ಷೆ ಕಾದಿತ್ತು. ಅಡುಗೆಮನೆಯ ಹಂಚು ಒಡೆದು ಸೋರುತ್ತಿತ್ತು. ಹಂಚಿಗೆ ಹೆಸರಾದ ಖಾನಾಪುರ ತಮ್ಮ ತಾಲ್ಲೂಕಿನದೇ ಊರಾದರೂ ಮಾಸ್ತರಿಗೆ ಹಂಚು ತರಿಸಲು ಪುರಸೊತ್ತಿಲ್ಲ. ಹೆಂಡತಿ ದಿನಾ ಹೇಳುತ್ತಿದ್ದರು. ಒಂದು ದಿನ ಮಾಸ್ತರು ರಿಜಿಸ್ಟರಿನಿಂದ ತಲೆಯೆತ್ತದೆ, “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ” ಎಂದುಬಿಟ್ಟರು. ಆಕೆ ಸಿಟ್ಟಾಗಲಿಲ್ಲ. ಮಾಸ್ತರ ಹೆಂಡತಿಯಲ್ಲವೇ? “ಹಂಗಾರ ತಕರಾರ ನಂಬರ ಕೊಡ್ರಿ” ಅಂದರು. ಕೊಡಲಿಲ್ಲ. ಆಕೆ ಚಹಾದಂಗಡಿಯ ಬಲಮೂಲೆಗೆ ಹೋಗಿ ಖಾನಾಪುರದಲ್ಲಿರುವ ಮಾಸ್ತರ ಅಕ್ಕನಿಗೆ ಫೋನು ಹಚ್ಚಿ ದೂರನ್ನು ಮೇಲಿನ ಹಂತಕ್ಕೆ ಒಯ್ದರು. ಮರುದಿನ ಮೊದಲ ಬಸ್ಸಿಗೆ ಹಂಚು ಬಂದವು, ಜೊತೆಗೆ ಅಕ್ಕನೂ ಬಂದರು. ಆ ದೂರು ಬಗೆಹರಿದ ವೇಗವನ್ನು ಯಾವ ಕಂಪನಿಯೂ ಮುಟ್ಟಿಲ್ಲ ಎಂದು ಮಾಸ್ತರೇ ಒಪ್ಪುತ್ತಾರೆ.

ನಗುವ ಮಾತು ನಗುವುದಕ್ಕಾಯಿತು. ಈ ಕಂಪನಿಗಳು ನಂಬಿ ಕೂತಿರುವುದು ತಮ್ಮ ಯಂತ್ರವನ್ನಲ್ಲ, ನಮ್ಮ ಬೇಸರವನ್ನು. ಇನ್ನೂರು ರೂಪಾಯಿಗಾಗಿ ಯಾರು ಮೂರು ಸಲ ಫೋನು ಮಾಡುತ್ತಾರೆ ಎಂಬ ಲೆಕ್ಕ ಅವರದು. ಲಕ್ಷ ಜನ ಬೇಸತ್ತು ಬಿಟ್ಟ ಇನ್ನೂರು ಎಷ್ಟಾಯಿತು ಎಂದು ಮಾಸ್ತರ ಹಳೆಯ ವಿದ್ಯಾರ್ಥಿಗಳಾದರೂ ಹೇಳಿಯಾರು. ಕಾನೂನು ಗ್ರಾಹಕನ ಕಡೆಗೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಹಚ್ಚಿ ಕನ್ನಡದಲ್ಲೇ ದೂರು ಹೇಳಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದಮೇಲೆ ಕಂಪನಿ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವೂ ಇಲ್ಲ. ಎಲ್ಲ ಊರಿಗೂ ಒಬ್ಬ ಮಾಸ್ತರು ಸಿಗುವುದಿಲ್ಲ. ಹಾಗಾಗಿ ಅವರ ಒಂದು ಪದ್ಧತಿಯನ್ನಾದರೂ ನಾವೆಲ್ಲ ಹಿಡಿಯೋಣ: ಎದುರಿನವರ ಹೆಸರು, ವೇಳೆ, ತಕರಾರು ನಂಬರು ಬರೆದುಕೊಳ್ಳದೆ ಫೋನು ಇಡಬೇಡಿ.