ಬರೀ ಒಂದು ಬಟನ್ ತಾನೇ?

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಗಲ್ಲಾದ ನೆತ್ತಿಯ ಮೇಲೆ ‘ಒಂದೇ ದರ, ಚೌಕಾಸಿ ಇಲ್ಲ’ ಎಂಬ ಬೋರ್ಡು ತೂಗುತ್ತಿರುತ್ತದೆ. ಅದರ ಕೆಳಗೇ ಕೂತು ಮಾಲೀಕರು ವೆಬ್‌ಸೈಟ್ ಮಾಡುವ ಹುಡುಗನನ್ನು 56,000ದಿಂದ 8,000ಕ್ಕೆ ಇಳಿಸುತ್ತಾರೆ. ಅವರ ತರ್ಕಕ್ಕೆ ಎದುರಾಡುವುದು ಕಷ್ಟ. ಸೀರೆಯಾದರೆ ಸೆರಗು ಬಿಡಿಸಿ, ಜರಿ ಉಜ್ಜಿ ನೋಡಬಹುದು. ವೆಬ್‌ಸೈಟಿನಲ್ಲಿ ಏನನ್ನು ಉಜ್ಜುವುದು?

ಈ ಚೌಕಾಸಿಯ ಬ್ರಹ್ಮಾಸ್ತ್ರ ಭಾವನ ಮಗ. ಎಂಜಿನಿಯರಿಂಗ್, ಮೂರನೇ ಸೆಮಿಸ್ಟರ್. ‘ಅವನೇ ಮಾಡಿಕೊಡ್ತಿದ್ದ, ಪರೀಕ್ಷೆ ಬಂತು ನೋಡಿ.’ ನಾಡಿನ ಪ್ರತಿ ಮನೆತನದಲ್ಲೂ ಇಂಥವನೊಬ್ಬ ಇದ್ದಾನೆ. ಎಲ್ಲವನ್ನೂ ಪುಕ್ಕಟೆ ಮಾಡಬಲ್ಲ, ಯಾವುದನ್ನೂ ಮಾಡಿಲ್ಲ. ಈಚೆಗೆ ಪಾಪ ಅವನ ಅನ್ನಕ್ಕೂ ಕಲ್ಲು ಬಿದ್ದಿದೆ. ‘ಚಾಟ್‌ಜಿಪಿಟಿ ಎರಡು ನಿಮಿಷದಲ್ಲಿ ಮಾಡುತ್ತಂತಲ್ಲ?’ (ಹೀಗೆಂದವರು ಆ ಎರಡು ನಿಮಿಷ ಬಿಡುವು ಮಾಡಿಕೊಂಡು ಮಾಡಿಸಿಕೊಂಡಿದ್ದನ್ನು ನಾನಿನ್ನೂ ಕಂಡಿಲ್ಲ.) ಅದೂ ನಾಟದಿದ್ದರೆ ‘ವರ್ಡ್‌ಪ್ರೆಸ್ ಫ್ರೀ ಅಲ್ವಾ?’ ಎಂದು ಬರುತ್ತದೆ. ಫ್ರೀ ಹೌದು. ಕೂತು ಹೊಂದಿಸುವವನು ಮಾತ್ರ ಊಟ ಮಾಡುತ್ತಾನೆ.

‘ಪೇ ನೌ ಅಂತ ಹಾಕಿಬಿಡಿ, ಬರೀ ಒಂದು ಬಟನ್ ತಾನೇ?’ ಬಟನ್ ಕೂರಿಸಲು ನಿಮಿಷ ಸಾಕು, ನಿಜ. ಆದರೆ ಗಿರಾಕಿ ಯುಪಿಐ ಪಿನ್ ಒತ್ತಿದ ಗಳಿಗೆಯಲ್ಲೇ ಮೆಟ್ರೋ ಸುರಂಗ ಹೊಕ್ಕು ನೆಟ್‌ವರ್ಕ್ ಹೋಯಿತೆನ್ನಿ. ಖಾತೆಯಿಂದ ದುಡ್ಡು ಹೋಗಿದೆ, ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇದೆ, ಅಂಗಡಿಗೆ ಆರ್ಡರ್ ಬಂದಿಲ್ಲ. ಆಗ ಪೇಮೆಂಟ್ ಗೇಟ್‌ವೇ ಬೇರೆ ದಾರಿಯಿಂದ ಸರ್ವರ್‌ಗೆ ಸುದ್ದಿ ಮುಟ್ಟಿಸಬೇಕು. ಸುದ್ದಿ ತಂದದ್ದು ಗೇಟ್‌ವೇನೋ ಯಾರೋ ಕಳ್ಳನೋ ಎಂದು ಸರ್ವರ್ ಸಹಿ ಪರೀಕ್ಷಿಸಬೇಕು. ಅದೇ ಸುದ್ದಿ ಎರಡು ಸಲ ಬಂದರೆ ಒಂದು ದುಡ್ಡಿಗೆ ಎರಡು ಸೀರೆ ಪ್ಯಾಕ್ ಆಗದಂತೆ ತಡೆಯಬೇಕು. ಇಷ್ಟೂ ಸರಿಯಾಗಿ ನಡೆದರೆ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಕಾಣದ್ದಕ್ಕೆ ದುಡ್ಡು ಹಾಕುವ ಪದ್ಧತಿ ನಮ್ಮಲ್ಲಿ ದೇವಸ್ಥಾನದ ಹುಂಡಿಗೆ ಮಾತ್ರ ಮೀಸಲು.

ಹಾಗಂತ ಹುಡುಗನೇನು ಸಾಚಾ ಅಲ್ಲ. ದರ ಕಟ್ಟುವ ಲೆಕ್ಕ ಅವನಿಗೂ ಗೊತ್ತು. ತಿಂಗಳಿಗೆ 60,000 ಕೈಗುಳಿಯಬೇಕು. ಲ್ಯಾಪ್‌ಟಾಪು, ಕರೆಂಟು, ನೆಟ್ಟು, ತೆರಿಗೆ ಅಂತ 15,000 ಸೇರಿಸಿದರೆ 75,000. ದುಡಿಯುವುದು 160 ಗಂಟೆ, ಅದರಲ್ಲಿ ಅರ್ಧ ಕೊಟೇಶನ್ ಬರೆಯುವುದಕ್ಕೆ, ಮೀಟಿಂಗಿಗೆ, ‘ಸಾರ್, ಬ್ಯಾಲೆನ್ಸ್ ಪೇಮೆಂಟು...’ ಎಂದು ಹಲ್ಲು ಗಿಂಜುವುದಕ್ಕೆ. ಉಳಿದ 80 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 940 ರೂಪಾಯಿ. ಅಂಗಡಿಯ ಸೈಟಿಗೆ 60 ಗಂಟೆ ಬೇಕು. 56,000 ಬಂದದ್ದು ಹೀಗೆ. ಎಕ್ಸೆಲ್‌ನಲ್ಲಿ ಇಷ್ಟು ಚೆಂದ ಲೆಕ್ಕ ಹಾಕಿಕೊಂಡು ಹೋದವನು ಮಾಲೀಕರ ಎದುರು ಕೂತು, ಅವರು ತರಿಸಿದ ಬಾದಾಮಿ ಹಾಲು ಕುಡಿದು, ‘ನೀವೇ ಒಂದು ನೋಡಿ ಹೇಳಿ ಸಾರ್’ ಎನ್ನುತ್ತಾನೆ. ಅವರು ನೋಡುತ್ತಾರೆ, ಹೇಳುತ್ತಾರೆ. ಗಂಟೆಗೆ 133 ರೂಪಾಯಿ ಬಿತ್ತು. ಬಾದಾಮಿ ಹಾಲು ಬೇರೆ.

ಬೆಂಗಳೂರಿನ ಆಟೋಗೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಒನ್ ಅಂಡ್ ಹಾಫ್ ಎಂದು ಸರಕಾರವೇ ನಿಗದಿ ಮಾಡಿದೆ. ರಾತ್ರಿ 11ಕ್ಕೆ ‘ಲೋಗೋ ಸ್ವಲ್ಪ ದೊಡ್ಡದು ಮಾಡಿ’ ಎಂಬ ವಾಟ್ಸ್‌ಆ್ಯಪ್ ಬಂದಾಗ ಇವನಿಗೆ ಒನ್ ಅಂಡ್ ಹಾಫ್ ಹಾಗಿರಲಿ, ಮೀಟರೇ ಇಲ್ಲ. ಎಷ್ಟು ಸಲ ತಿದ್ದಿಕೊಡುತ್ತೇನೆ ಎಂದು ಮೊದಲೇ ಬರೆದುಕೊಡುವುದು ಅವನಿಗೆ ಬಿಗುಮಾನ ಅನ್ನಿಸಿತ್ತು.

ಊರವರ ಸಹವಾಸವೇ ಬೇಡವೆಂದು ಡಾಲರ್ ಹುಡುಕಿಕೊಂಡು ಹೋದವರೂ ಇದ್ದಾರೆ. 2010ರಲ್ಲಿ ಶುರುವಾದ ಫೈವರ್ ಎಂಬ ಫ್ರೀಲಾನ್ಸ್ ತಾಣಕ್ಕೆ ಆ ಹೆಸರು ಬಂದದ್ದೇ ಯಾವ ಕೆಲಸಕ್ಕೂ ಐದೇ ಡಾಲರ್ ಎಂಬ ದರದಿಂದ. ಆಮೇಲೆ ದರ ಏರಿತು, ಬಿಡಿ. ದುಡಿದವನ ನೂರು ರೂಪಾಯಿಯಲ್ಲಿ ಇಪ್ಪತ್ತನ್ನು ಕಂಪನಿ ಮುರಿದುಕೊಳ್ಳುತ್ತದೆ. ಅಲ್ಲಿ ಚಿಕ್ಕಪೇಟೆಯ ಮಾಲೀಕರಿಲ್ಲ, ಲೋಕದ ಎಲ್ಲ ಭಾವಂದಿರ ಮಕ್ಕಳೂ ಒಟ್ಟಿಗೇ ಕ್ಯೂ ನಿಂತಿದ್ದಾರೆ.

ಕಾನೂನು ನಮ್ಮ ಹುಡುಗನ ಪರವಾಗಿಯೇ ಇದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡವನಿಗೆ ಹೆಚ್ಚೆಂದರೆ 45 ದಿನದೊಳಗೆ ಬಾಕಿ ಸಲ್ಲಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ 2006ರ ಎಂಎಸ್‌ಎಂಇ ಕಾಯ್ದೆ. ಆದರೆ ಪೇಟೆಯಲ್ಲಿ ಬರೆಯದ ಇನ್ನೊಂದು ಕಾಯ್ದೆ ಇದೆ: ನೋಟಿಸ್ ಕಳಿಸಿದವನಿಗೆ ಮುಂದಿನ ಗಿರಾಕಿ ಸಿಗುವುದಿಲ್ಲ. ಎರಡರಲ್ಲಿ ಯಾವುದು ಕಟ್ಟುನಿಟ್ಟಾಗಿ ಜಾರಿಯಲ್ಲಿದೆ ಎಂದು ಹುಡುಗನನ್ನೇ ಕೇಳಿ.

ಹೀಗಿರುವಾಗ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಸೈಟು ಮಲಗಿತು. ಹೋಸ್ಟಿಂಗ್ ನವೀಕರಿಸಿ ಎಂದು ಕಂಪನಿ ಕಳಿಸಿದ ಮೇಲ್‌ಗಳೆಲ್ಲ ಮಾಲೀಕರು ಕೊಟ್ಟಿದ್ದ ವಿಳಾಸಕ್ಕೆ, ಅಂದರೆ ಭಾವನ ಮಗನ ಇನ್‌ಬಾಕ್ಸ್‌ಗೆ ಹೋಗಿ ಅಲ್ಲೇ ಕೊಳೆಯುತ್ತಿದ್ದವು. ಮಾಲೀಕರ ಫೋನು ಬಂತು. ‘ಎಷ್ಟಾದರೂ ಆಗಲಿ, ಈಗಲೇ ಗೂಗಲ್ ಪೇ ಮಾಡ್ತೀನಿ, ಅಮೌಂಟ್ ಹೇಳಿ!’ ದರವನ್ನು ಗಿರಾಕಿಯೇ ಬಾಯಿಬಿಟ್ಟು ಕೇಳುವ ಗಳಿಗೆ ಈ ಕಸುಬಿನಲ್ಲಿ ಅಪರೂಪಕ್ಕೆ ಬರುತ್ತದೆ.

‘ಅಯ್ಯೋ, ದುಡ್ಡೇನು ಸಾರ್, ಮೊದಲು ಸೈಟ್ ಏಳಲಿ, ಆಮೇಲೆ ನೋಡೋಣ’ ಎಂದ ನಮ್ಮ ಹುಡುಗ.

ಸೈಟು ಎದ್ದಿತು. ಆಮೇಲೆ ನೋಡೋಣ ಎಂಬ ಮಾತನ್ನು ಮಾಲೀಕರು ಚೌಕಾಸಿಯಿಲ್ಲದೆ ಒಪ್ಪಿಕೊಂಡಿದ್ದಾರೆ.