ಅಟ್ಟದ ಪಂಡಿತರು

ಕೊಡಗಿನ ಮಾದಾಪುರದ ಸುತ್ತಮುತ್ತ ಹೋಂಸ್ಟೇ ಆಗಿ ಬಡ್ತಿ ಪಡೆದ ಹಳೇ ಮನೆಗಳ ಜಗುಲಿಯಲ್ಲಿ ಮೂರು ವಸ್ತುಗಳು ಕಾಯಂ. ಒಂದು ನೊಗ, ಒಂದು ಮರದ ಗಂಟೆ, ಮತ್ತೆ ಯಾವುದಕ್ಕೆಂದು ಯಾರಿಗೂ ತಿಳಿಯದ ಒಂದು ಸಾಮಾನು. ಈ ಮೂರನೆಯದರ ಕೆಳಗೆ ಬೆತ್ತದ ಕುರ್ಚಿ ಹಾಕಿಕೊಂಡು ಕೂತವರೇ ಅಟ್ಟದ ಪಂಡಿತರು. ತೋಟ ಮಗನ ಕೈಗೆ, ಅಡುಗೆಮನೆ ಸೊಸೆಯ ಕೈಗೆ ಹೋದ ಮೇಲೆ ಇವರ ಆಳ್ವಿಕೆಗೆ ಉಳಿದದ್ದು ಅಟ್ಟವೊಂದೇ. ಬೆಂಗಳೂರಿನ ಅತಿಥಿ ಕಾರಿನ ಬಾಗಿಲು ಹಾಕುವಷ್ಟರಲ್ಲಿ "ಇದು ಯಾತಕ್ಕೆ ಹೇಳಿ ನೋಡೋಣ?" ಎಂಬ ಪ್ರಶ್ನೆ ಎದುರಾಗುತ್ತದೆ. ಗೊತ್ತಿಲ್ಲ ಎಂದರೆ ಸತ್ಕಾರ ಶುರು. ಅಪ್ಪಿತಪ್ಪಿ ಗೊತ್ತು ಎಂದವರಿಗೆ ಕಾಫಿ ತಡವಾಗುತ್ತದೆ.

ಪಂಡಿತರ ಶಾಸ್ತ್ರ ಬಹಳ ಸರಳ. ಅಲಗಿದ್ದರೆ ಅದು ಯುದ್ಧದ್ದು, ತೂತಿದ್ದರೆ ಬೇಟೆಯದ್ದು, ಎರಡೂ ಇದ್ದರೆ ಕೊಡಗನ್ನಾಳಿದ ಲಿಂಗರಾಜನದ್ದು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆಯನ್ನು ಗೆದ್ದಲು ತಿಂದು ಕತ್ತಿಯೊಂದೇ ಉಳಿದರೆ ಅದು ಕೊಡಗಿನ ಸೈನಿಕರ ಗುಪ್ತಾಯುಧ. ನಾಟಿ ಗದ್ದೆಯ ಮಳೆಯಲ್ಲಿ ಹೆಂಗಸರ ಬೆನ್ನು ಕಾದ ಗೊರಗ ಒಮ್ಮೆ ತೊಟ್ಟಿಲು, ಇನ್ನೊಮ್ಮೆ ಗುರಾಣಿ. ಈ ಶಾಸ್ತ್ರ ಬೇರೆ ಜಿಲ್ಲೆಯಲ್ಲಿ ಒಂದು ವಾರ ನಿಲ್ಲುತ್ತಿರಲಿಲ್ಲ. ಕೊಡಗಿನಲ್ಲಿ ನಿಂತಿರುವುದಕ್ಕೆ ಕಾರಣವಿದೆ. ಇಲ್ಲಿ ಒಡಿಕತ್ತಿ, ಪೀಚೆಕತ್ತಿ, ಕೋವಿ ನಿಜವಾಗಿಯೂ ಮನೆಯೊಳಗಿನ ವಸ್ತುಗಳು. ನಾಟಿ ಮುಗಿದು ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಆಯುಧಗಳ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಅವಕ್ಕೆ ಹೂವಿಟ್ಟು ಪೂಜೆಯಾಗುತ್ತದೆ. ಪೂಜೆಗೊಳ್ಳುವ ಕತ್ತಿಯ ಮನೆಯಲ್ಲಿ ಅಡಿಕೆ ಕತ್ತಿಯೂ ಕ್ಷತ್ರಿಯನಾಗಲು ಆಸೆಪಟ್ಟರೆ ಆಶ್ಚರ್ಯವಿಲ್ಲ.

ಆದರೆ ಹಳೇ ಸಲಕರಣೆಯ ಉಪಯೋಗ ಅದರ ಆಕಾರದಲ್ಲಿಲ್ಲ, ಸವೆತದಲ್ಲಿದೆ ಎಂಬುದು ನನ್ನ ವಾದ. ಆಕಾರ ನೂರು ಸುಳ್ಳು ಹೇಳಬಲ್ಲದು. ಸವೆತಕ್ಕೆ ಅಷ್ಟು ಜಾಣತನವಿಲ್ಲ. ಗದ್ದೆ ಮಟ್ಟ ಮಾಡುವ ಹಲಗೆಯನ್ನೇ ತೆಗೆದುಕೊಳ್ಳಿ. ಆಳುದ್ದದ ದಪ್ಪ ಮರ, ಎರಡು ತೂತು, ಮಧ್ಯೆ ಹಿಡಿಯ ಗುರುತು. ಪಂಡಿತರ ಪ್ರಕಾರ ಇದು ಕೋಟೆ ಬಾಗಿಲಿನ ಅಗುಳಿ. ಅದನ್ನು ಮಗುಚಿ ಬೆರಳಾಡಿಸಿದರೆ ಸಾಕು. ಕೆಸರಿನ ಮೇಲೆ ಜಾರಿ ಜಾರಿ ಅಡಿಭಾಗ ಗಾಜಿನಂತೆ ನುಣುಪು, ಮುಂದಿನ ಅಂಚು ಗುಂಡಗೆ, ಹಿಂದಿನದು ಇನ್ನೂ ಚೂಪು. ತೂತುಗಳ ಒಳಗೋಡೆ ಮುಂದಕ್ಕೆ ಮಾತ್ರ ಸವೆದಿದೆ, ಏಕೆಂದರೆ ಎತ್ತು ಹಗ್ಗವನ್ನು ಮುಂದಕ್ಕೇ ಎಳೆಯುವುದು. ಮೇಲ್ಭಾಗದಲ್ಲಿ ಭಾರಕ್ಕೆಂದು ಹತ್ತಿ ನಿಂತವನ ಹೆಜ್ಜೆಯ ಎರಡು ತಗ್ಗು. ಅಗುಳಿಯ ಮೇಲೆ ಹೀಗೆ ಕಾಲೂರಿ ನಿಲ್ಲುವವರು ಯಾರು? ಶತ್ರುವೇ?

ಕಾಫಿ ಪಲ್ಪರ್‌ನ ಕತೆ ಇನ್ನೂ ಸ್ವಾರಸ್ಯ. ಕೈಯಲ್ಲಿ ತಿರುಗಿಸುವ ದೊಡ್ಡ ಚಕ್ರ, ಒಳಗೆ ಗುಬಟು ಗುಬಟಾದ ತಾಮ್ರದ ತಗಡು ಹೊದ್ದ ಉರುಳೆ. ಹಣ್ಣು ಉರುಳೆಗೂ ಎದುರಿನ ಪಟ್ಟಿಗೂ ನಡುವೆ ಸಿಕ್ಕಿ, ಬೀಜ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ ಬೀಳುತ್ತದೆ. ಪಂಡಿತರು ಇದನ್ನು ಟಿಪ್ಪುವಿನ ಕಾಲದ ಮದ್ದು ಅರೆಯುವ ಯಂತ್ರ ಎನ್ನುತ್ತಾರೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಗದ್ದುಗೆ ಕಳೆದುಕೊಂಡದ್ದು 1834ರಲ್ಲಿ. ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ ಮಡಿಕೇರಿಯಲ್ಲಿ ತೋಟ ತೆರೆದದ್ದು 1854ರಲ್ಲಿ, ಇಂಥ ಯಂತ್ರಗಳು ಬಂದದ್ದು ಅಂಥವರ ತೋಟಗಳ ಬೆನ್ನಿಗೆ. ತಾರೀಖು ನೆನಪಿಲ್ಲದಿದ್ದರೂ ಚಿಂತೆಯಿಲ್ಲ, ಎರಕದ ಮೇಲೆ ತಯಾರಕರ ಹೆಸರು ಇಂಗ್ಲಿಷಿನಲ್ಲೇ ಉಬ್ಬಿರುತ್ತದೆ. ಅತಿಥಿಗಳ ಕಣ್ಣಿಗೆ ಚೆನ್ನಾಗಿರಲೆಂದು ಅದರ ಮೇಲೆ ಬಂಗಾರದ ಬಣ್ಣ ಬಳಿದದ್ದು ಮಾತ್ರ ಪಂಡಿತರದೇ ಕೆಲಸ.

ಇದರಿಂದ ಯಾರಿಗೇನು ನಷ್ಟ, ಬಂದವರಿಗೆ ಒಂದು ಕತೆ ಸಿಕ್ಕಿತಲ್ಲ ಎನ್ನಬಹುದು. ನಷ್ಟವಿದೆ. ಹಲಗೆ ಅಗುಳಿಯಾದಾಗ ಅದರ ಮೇಲೆ ನಿಂತವನು ಮಾಯವಾಗುತ್ತಾನೆ, ಗೊರಗ ಗುರಾಣಿಯಾದಾಗ ಅದರಡಿ ಬಗ್ಗಿದ ಬೆನ್ನು ಮಾಯವಾಗುತ್ತದೆ. ಸಲಕರಣೆಯ ಒಡೆತನ ಒಬ್ಬರದು, ಅದರ ಬಳಕೆ ಬಹುಪಾಲು ಇನ್ನೊಬ್ಬರದು. ಪಂಡಿತರು ಮಾತಾಡುವುದು ಒಡೆಯನ ಕಡೆಯಿಂದ. ಅದೇ ತೋಟದ ಕೂಲಿಗಳ ಲೈನ್‌ಮನೆಯ ಅಜ್ಜಿಯನ್ನು ಕೇಳಿದರೆ ಎಲೆಯಡಿಕೆ ಉಗುಳಿ "ಗದ್ದೆ ಮಟ್ಟಕ್ಕೆ" ಎಂದು ಮುಗಿಸುತ್ತಾಳೆ. ಅವಳನ್ನು ಕೇಳುವ ಪದ್ಧತಿ ಇಲ್ಲ, ಉತ್ತರ ತೀರಾ ಸಣ್ಣದಾಗಿಬಿಡುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಪಂಡಿತರ ಪೊಗರಿಲ್ಲದಿದ್ದರೆ ಇವೆಲ್ಲ ಎಂದೋ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಗುತ್ತಿದ್ದವು. ಒಪ್ಪಿದೆ. ಪವರ್ ಟಿಲ್ಲರ್ ಬಂದು ಎತ್ತು ಹೋಯಿತು, ಗದ್ದೆಗೆ ಶುಂಠಿ ಬಂತು, 2018ರ ಆಗಸ್ಟ್‌ನಲ್ಲಿ ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡವೇ ಜರಿದು ಎಷ್ಟೋ ಗದ್ದೆ ಮಣ್ಣಿನಡಿ ಸೇರಿತು. ಹಲಗೆ ಉಳಿದು ಗದ್ದೆ ಇಲ್ಲವಾದ ಕಡೆ ಆ ಹಲಗೆಯನ್ನು ಗೋಡೆಗೆ ನೇತುಹಾಕಿದವರಿಗೆ ಕೈಮುಗಿಯಬೇಕು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿ ಇಂಥ ಸಾಮಾನುಗಳಿಗೆ ಸೂರು ಕೊಟ್ಟರು. ಆದರೆ ಉಳಿಸುವುದು ಒಂದು ಕೆಲಸ, ವಿವರಿಸುವುದು ಇನ್ನೊಂದು. ಮೊದಲನೆಯದಕ್ಕೆ ಮೊಳೆ ಬೇಕು, ಎರಡನೆಯದಕ್ಕೆ "ಗೊತ್ತಿಲ್ಲ" ಎನ್ನುವ ನಾಲಿಗೆ ಬೇಕು.

ವಿದ್ವಾಂಸರೂ ಊಹಿಸುವುದಿಲ್ಲವೇ ಎಂಬುದು ಪಂಡಿತರ ಕೊನೆಯ ಅಸ್ತ್ರ. ಊಹಿಸುತ್ತಾರೆ, ಆದರೆ ಊಹೆಯನ್ನು ಊಹೆ ಎಂದೇ ಬರೆದಿಡುತ್ತಾರೆ. ರೋಮನ್ನರ ಕಾಲದ, ಹನ್ನೆರಡು ಮುಖಗಳ, ಮುಖಕ್ಕೊಂದು ತೂತಿನ ಪೊಳ್ಳು ಕಂಚಿನ ವಸ್ತುಗಳು ಯುರೋಪಿನಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿವೆ. ಮೇಣದಬತ್ತಿಗೋ ಅಳತೆಗೋ ಕೈಗವಸು ಹೆಣೆಯಲಿಕ್ಕೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮಾದಾಪುರದ ಜಗುಲಿಗೆ ಬಂದಿದ್ದರೆ ಕಾಫಿ ಆರುವುದರೊಳಗೆ ತೀರ್ಮಾನವಾಗುತ್ತಿತ್ತು: ನೂಪುಟ್ಟು ಶಾವಿಗೆ ಒತ್ತುವ ಒರಳಿನ ಬಿಡಿಭಾಗ. ಅಷ್ಟು ದೂರ ಹೋದದ್ದು ಹೇಗೆ? ಫೌಲರ್ ಸಾಹೇಬ ಒಯ್ದ, ಬಂದವರು ಬರಿಗೈಯಲ್ಲಿ ಹೋಗುತ್ತಾರೆಯೇ. ಆದರೆ ಇಂಗ್ಲೆಂಡಿನಲ್ಲಿ ಒಂದು 1739ರಲ್ಲೇ ಸಿಕ್ಕಿತ್ತಲ್ಲ ಎಂದರೆ, ಹಾಗಾದರೆ ಅವನ ತಾತ ಬಂದಿರಬೇಕು.