ಕಳೆ ಕೀಳಿಸುವ ಮುನ್ನ: ವಸತಿ ಸಂಘಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ತೋಟದ ಉಸ್ತುವಾರಿ ಹೊತ್ತ ಸದಸ್ಯರೇ,

ಮಳೆ ಹಿಡಿದ ಮೇಲೆ ಹಿಂಬದಿಯ ಕಾಂಪೌಂಡಿನುದ್ದಕ್ಕೂ ಕಳೆ ಬೆಳೆದಿದೆ, ಅದನ್ನೆಲ್ಲ ಕೀಳಿಸಿ, ಕಳೆನಾಶಕ ಹೊಡೆಸಿ, ಹುಲ್ಲುಹಾಸು ಹಾಕಿಸುತ್ತೇವೆ ಎಂದು ನೀವು ಲಿಫ್ಟಿನ ಪಕ್ಕ ಅಂಟಿಸಿರುವ ನೋಟಿಸು ಓದಿದೆ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೇಳಲು ಈ ಪತ್ರ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಇದೇ ನಡೆಯುತ್ತಿರುವುದರಿಂದ ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ನನ್ನ ಜೊತೆ ಅಲ್ಲಿಗೆ ಬನ್ನಿ. ಗೋಡೆಗೆ ಒತ್ತಿಕೊಂಡು ಎದ್ದು ನಿಂತಿರುವುದು ಅಣ್ಣೆ ಸೊಪ್ಪು. ಇನ್ನೂ ತೆನೆ ಬಿಟ್ಟಿಲ್ಲ, ಕೊಯ್ಯಲು ಇದೇ ಹದ. ಅದರ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು, ಕೆಂಪು ದಂಟಿನ ಮೇಲೆ ದಪ್ಪ ಪುಟ್ಟ ಎಲೆ ಹೊತ್ತು ಹಬ್ಬಿರುವುದು ಗೋಣಿ ಸೊಪ್ಪು. ಪಂಪ್ ಮನೆಯ ನೆರಳಿನಲ್ಲಿ ನೀಲಿ ಹೂ ಬಿಟ್ಟಿರುವುದು ಕನ್ನೆ ಸೊಪ್ಪು. ಕಲ್ಲಿನ ಸಂದಿಯಲ್ಲಿ ಕೀರೆ, ಮೂಲೆಯಲ್ಲಿ ಗಣಿಕೆ. ಮಳೆನೀರಿನ ಇಂಗುಗುಂಡಿಯ ಸುತ್ತ ಹೊನಗೊನೆಯೂ ಒಂದೆಲಗವೂ ಒಂದರೊಳಗೊಂದು ಹೆಣೆದುಕೊಂಡಿವೆ. ಇವನ್ನು ಯಾರೂ ಬಿತ್ತಲಿಲ್ಲ, ಯಾರೂ ನೀರು ಹಾಯಿಸಲಿಲ್ಲ. ಕಟ್ಟಡ ಏಳುವ ಮುಂಚೆ ಈ ನೆಲದಲ್ಲಿ ರಾಗಿ ಬೆಳೆಯುತ್ತಿದ್ದರು. ಇವುಗಳಲ್ಲಿ ಹೆಚ್ಚಿನವು ರಾಗಿ ಹೊಲದಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳೇ. ರಾಗಿ ಹೋಯಿತು, ಅದರ ಒಡನಾಡಿಗಳು ಇನ್ನೂ ನೆಲ ಬಿಟ್ಟಿಲ್ಲ.

ಕೋಲಾರ, ತುಮಕೂರು, ಮಂಡ್ಯ, ರಾಮನಗರದ ಕಡೆಯವರಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ಹೊಲದಲ್ಲಿ ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಆ ರಾತ್ರಿ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು, ಮುದ್ದೆ. ಇಂತಿಷ್ಟೇ ಬಗೆ ಇರಬೇಕು ಎಂಬ ಲೆಕ್ಕ ಅದಕ್ಕಿಲ್ಲ. ಆ ದಿನ ಯಾವುದು ಎಳೆಯದಾಗಿ ಸಿಕ್ಕಿತೋ ಅದು. ಗಣಿಕೆಯ ಸಣ್ಣ ಕಹಿ, ಗೋಣಿಯ ಹುಳಿ ಮತ್ತು ಲೋಳೆ, ಅಣ್ಣೆಯ ಮೆತುವು, ಹೊನಗೊನೆಯ ಮಣ್ಣಿನ ಘಮ, ಇವೆಲ್ಲ ಒಂದೇ ಪಾತ್ರೆಯಲ್ಲಿ ಬೆಂದಾಗ ಬರುವ ರುಚಿ ಒಂದೇ ಜಾತಿಯ ಸೊಪ್ಪಿನ ಕಟ್ಟಿನಿಂದ ಎಂದೂ ಬರುವುದಿಲ್ಲ. ನಿನ್ನೆಯ ಸಾರು ಇವತ್ತಿನದರಂತೆ ಇರುವುದಿಲ್ಲ, ಆಷಾಢದ್ದು ಭಾದ್ರಪದದ ಹಾಗಿರುವುದಿಲ್ಲ.

ಬಸ್ಸಾರನ್ನೇ ನೋಡಿ. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಸೊಪ್ಪು ಹಾಕಬೇಕು. ಬೇಳೆ ಕರಗಿಹೋಗಬಾರದು, ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ಅಷ್ಟೇ. ಆಮೇಲೆ ಬಸಿಯುವುದು. ಕೆಳಗಿಳಿದ ಕಟ್ಟು ಸಾರಿಗೆ, ಮೇಲೆ ಉಳಿದದ್ದು ಪಲ್ಯಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಹುರಿದು, ಕಾಯಿತುರಿ, ಹುಣಸೆಹಣ್ಣು, ಬಸಿದ ಸೊಪ್ಪಿನಲ್ಲೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಸಾಸಿವೆ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಮೇಲೆ ಕಾಯಿ ಉದುರಿಸಿದರೆ ಪಲ್ಯ. ಒಂದೇ ಒಲೆ, ಒಂದೇ ಪಾತ್ರೆ, ಎರಡು ಅಡುಗೆ. ಬೇಯಿಸಿದ ನೀರು ಕೂಡ ಚರಂಡಿಗೆ ಹೋಗುವುದಿಲ್ಲ. ಇಷ್ಟು ಜಾಣ ಅಡುಗೆಯನ್ನು ಕಂಡುಹಿಡಿದವರು ಯಾರೆಂದು ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ. ಮರುದಿನ ಮತ್ತೆ ಕಾಯಿಸಿದ ಬಸ್ಸಾರಿನ ರುಚಿಯೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಗೋಣಿ ಸೊಪ್ಪಿನ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಇರಲಾರೆ. ಬಿಸಿಲು ಜೋರಾಗಿ ನೀರು ಸಾಲದಾದಾಗ ಈ ಗಿಡ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ರಾತ್ರಿ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿಟ್ಟು, ಹಗಲಿನಲ್ಲಿ ಖರ್ಚು ಮಾಡುತ್ತದೆ. ಹಾಗಾಗಿ ಒಣ ದಿನಗಳಲ್ಲಿ ಬೆಳಿಗ್ಗೆ ಕೊಯ್ದರೆ ಹುಳಿ ಹೆಚ್ಚು, ಸಂಜೆ ಕೊಯ್ದರೆ ಕಡಿಮೆ. ಈ ವ್ಯತ್ಯಾಸವನ್ನು ನಾಲಿಗೆಯ ಮೇಲೆ ಪರೀಕ್ಷಿಸುವ ಸುಖ ಸಿಗುವುದು ಗಿಡದ ಪಕ್ಕದಲ್ಲೇ ಅಡುಗೆಮನೆ ಇರುವವರಿಗೆ ಮಾತ್ರ. ನಮಗೆ ಅದು ಇದೆ.

ನಮ್ಮಲ್ಲಿ ಕರಾವಳಿ, ಮಲೆನಾಡಿನ ಮನೆಗಳೂ ಇವೆ. ಅವರಿಗೆ ಇಂಗುಗುಂಡಿಯ ಒಂದೆಲಗ ತೋರಿಸಿ, ಕಣ್ಣು ಅರಳುತ್ತದೆ. ಒಂದು ಹಿಡಿ ಎಲೆ, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಕದಡಿದರೆ ತಂಬುಳಿ. ಒಲೆ ಹಚ್ಚಬೇಕೆಂದರೆ ಒಗ್ಗರಣೆಗಷ್ಟೇ. ಮಧ್ಯಾಹ್ನದ ಬಿಸಿ ಅನ್ನಕ್ಕೆ ಮೊದಲ ತುತ್ತಾಗಿ ಇದಕ್ಕಿಂತ ಹಿತವಾದದ್ದು ನನಗೆ ತಿಳಿದಿಲ್ಲ. ಇದೇ ಒಂದೆಲಗವನ್ನು ನಾವು ಕೂಲಿ ಕೊಟ್ಟು ಕೀಳಿಸುತ್ತೇವೆ. ಅದೇ ವಾರ ಅದರ ಒಣಗಿದ ಪುಡಿಯನ್ನು ಮಕ್ಕಳ ನೆನಪಿನ ಶಕ್ತಿಗೆಂದು ಡಬ್ಬಿಯಲ್ಲಿ ಕೊಂಡು ತರುತ್ತೇವೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ, ನೋವಾಗುತ್ತದೆ.

ನಮ್ಮ ಮೆಟ್ಟಿಲು, ಅಂಗಳ ಗುಡಿಸುವ ಅಕ್ಕಂದಿರಲ್ಲಿ ಕೆಲವರು ಕಲಬುರಗಿ, ರಾಯಚೂರಿನ ಕಡೆಯಿಂದ ಬಂದವರು. ಅವರನ್ನು ಎಂದಾದರೂ ಮಾತಾಡಿಸಿದ್ದೀರಾ? ಜೋಳದ ಹೊಲದ ಹಕ್ಕರಕಿಯನ್ನು ಹಸಿಯಾಗಿ ರೊಟ್ಟಿಯ ಜೊತೆ ಕಡಿದು ತಿನ್ನುವುದು, ಪುಂಡಿಪಲ್ಲೆ, ಕಿರಕಸಾಲಿ, ಎಳ್ಳಮಾವಾಸ್ಯೆಗೆ ಹತ್ತಾರು ಸೊಪ್ಪು ಕಾಳು ಸೇರಿಸಿ ಮಾಡುವ ಭಜ್ಜಿ, ಎಲ್ಲವನ್ನೂ ಅವರು ಬಾಯಲ್ಲಿ ನೀರೂರುವಂತೆ ವರ್ಣಿಸುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಅವರು ಹಿಂಬದಿಯಲ್ಲಿ ಸೊಪ್ಪು ಆಯ್ದು ಸಂಜೆಗೆ ಮನೆಗೆ ಒಯ್ಯುತ್ತಾರೆ. ಯಾವುದು ತಿನ್ನುವಂಥದ್ದು, ಯಾವುದು ಅಲ್ಲ ಎಂಬ ತಿಳಿವಳಿಕೆ ಈ ಆವರಣದಲ್ಲಿ ಅವರಿಗಿರುವಷ್ಟು ನಮ್ಮಲ್ಲಿ ಯಾರಿಗೂ ಇಲ್ಲ. ಕಳೆನಾಶಕ ಹೊಡೆಸುವ ನಿರ್ಧಾರ ಮಾಡುವಾಗ ಅವರನ್ನು ಯಾರೂ ಕೇಳಲಿಲ್ಲ. ಹೊಡೆದ ಮರುದಿನ ಅವರು ಅದೇ ಸೊಪ್ಪು ಕೊಯ್ದರೆ ಏನು ಗತಿ ಎಂದು ದಯವಿಟ್ಟು ಯೋಚಿಸಿ. ಕಳೆನಾಶಕಗಳಲ್ಲೊಂದಾದ ಗ್ಲೈಫೋಸೇಟ್ ಎಲೆಯ ಮೂಲಕ ಒಳಗಿಳಿದು ಬೇರಿನವರೆಗೆ ಹೋಗುವ ವಿಷ. ಹೊಡೆದ ಕೂಡಲೇ ಗಿಡ ಒಣಗುವುದಿಲ್ಲ, ಕೆಲವು ದಿನ ಹಸಿರಾಗಿಯೇ ಕಾಣುತ್ತದೆ. ಪರವಾನಗಿಯುಳ್ಳ ಕೀಟನಿಯಂತ್ರಕರ ಹೊರತು ಬೇರೆಯವರು ಅದನ್ನು ಬಳಸಬಾರದು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ.

ಹುಲ್ಲುಹಾಸಿನ ಮಾತಿಗೆ ಬರೋಣ. 2024ರ ಬೇಸಗೆಯ ನೀರಿನ ಅಭಾವವನ್ನು ನಾವಾರೂ ಮರೆತಿಲ್ಲ. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರು ಇದು. ಹುಲ್ಲುಹಾಸು ಬೇಸಗೆಯಲ್ಲಿ ದಿನವೂ ನೀರು ಬೇಡುತ್ತದೆ, ತಿನ್ನಲು ಏನೂ ಕೊಡುವುದಿಲ್ಲ. ಸೊಪ್ಪುಗಳಿಗೆ ಮಳೆ ಸಾಕು. ಮಳೆ ನಿಂತ ಮೇಲೆ ಅಕ್ಕಿ, ಬೇಳೆ ತೊಳೆದ ನೀರನ್ನು ಮನೆಮನೆಯಿಂದ ತಂದು ಹಾಕಿದರೂ ಧಾರಾಳವಾಯಿತು.

ನಿಮ್ಮ ಆತಂಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪೊದೆ ಬೆಳೆದರೆ ಹಾವು ಸೇರುತ್ತದೆ, ನಿಜ. ಆದರೆ ಆಗಾಗ ಕೊಯ್ಯುವ ಸೊಪ್ಪು ಪೊದೆಯಾಗುವುದೇ ಇಲ್ಲ. ಪಾರ್ಥೇನಿಯಂ ಇದೆ ಎಂದಿರಿ. ಹೌದು, ಗೇಟಿನ ಬಳಿ ಇದೆ. ಅದು ಚರ್ಮಕ್ಕೆ ತುರಿಕೆ ತರುತ್ತದೆ, ಉಬ್ಬಸವಿರುವವರನ್ನು ಕಾಡುತ್ತದೆ. ಅದನ್ನು ಹೂ ಬಿಡುವ ಮೊದಲೇ ಬೇರುಸಮೇತ ಕೀಳಬೇಕು, ಕೈಗವಸು ಹಾಕಿಕೊಂಡು ನಾನೂ ಬರುತ್ತೇನೆ. ಕಾರು ನಿಲ್ಲಿಸುವ ಕಡೆಯಿಂದ ಎಣ್ಣೆನೀರು ಹರಿಯುವ ಜಾಗದ್ದನ್ನೂ ನಾಯಿಗಳು ಓಡಾಡುವ ಬದಿಯದ್ದನ್ನೂ ಯಾರೂ ಕೊಯ್ಯಬಾರದು. ಗಣಿಕೆಯ ಹಸಿರು ಕಾಯಿಯನ್ನು ಬಾಯಿಗೆ ಹಾಕಬಾರದು ಎಂದು ಮಕ್ಕಳಿಗೆ ಹೇಳಿಕೊಡಬೇಕು. ಗುರುತು ಸಿಗದ ಗಿಡವನ್ನು ಬಿಟ್ಟುಬಿಡಬೇಕು. ಇವೆಲ್ಲ ಒಂದು ಭಾನುವಾರ ಬೆಳಿಗ್ಗೆ ಕಲಿಯಬಹುದಾದವು, ಕಲಿಸುವವರು ನಮ್ಮ ಆವರಣದಲ್ಲೇ ಇದ್ದಾರೆ. ಆ ಕಲಿಸುವಿಕೆಗೆ ಸಂಘದಿಂದ ಅವರಿಗೆ ಸಂಭಾವನೆ ಸಲ್ಲಬೇಕು.

ನೆಲದಲ್ಲಿ ಕೈಯಾಡಿಸಲು ಇಷ್ಟವಿಲ್ಲದವರು ಬಾಲ್ಕನಿಯಲ್ಲಿ ಶುರು ಮಾಡಲಿ. ದೊಡ್ಡಪತ್ರೆಯ ಒಂದು ತುಂಡು ಚುಚ್ಚಿದರೆ ಬೇರು ಬಿಡುತ್ತದೆ, ನೀರು ನಿಲ್ಲದಂತೆ ನೋಡಿಕೊಂಡರಾಯಿತು. ಪೇಟೆಯಿಂದ ತಂದ ಬಸಳೆಯ ಎಲೆ ಅಡುಗೆಗೆ, ದಂಟು ಕುಂಡಕ್ಕೆ. ಅದು ಗ್ರಿಲ್ ಹಿಡಿದು ಮೇಲೇರುವುದನ್ನು ನೋಡುತ್ತ ಕಾಫಿ ಕುಡಿಯುವ ಬೆಳಗು ಹಣಕ್ಕೆ ಸಿಗುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಪಂಪ್ ಮನೆಯಿಂದ ಇಂಗುಗುಂಡಿಯವರೆಗಿನ ಪಟ್ಟಿಯನ್ನು ಸೊಪ್ಪಿಗೆ ಬಿಡಿ. ಅಲ್ಲಿ ಕಳೆನಾಶಕ ಬೇಡ. ಕೊಯ್ಯುವ ಹಕ್ಕು ನಿವಾಸಿಗಳಿಗೆ ಇರುವಂತೆಯೇ ಇಲ್ಲಿ ದುಡಿಯುವವರಿಗೂ ಇರಲಿ, ಅದನ್ನು ಲಿಖಿತವಾಗಿ ಫಲಕದಲ್ಲಿ ಹಾಕಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ಅಲ್ಲಿಯವರೆಗೆ ಕೀಳುವ ಕೆಲಸ ತಡೆಹಿಡಿಯಿರಿ. ಸಭೆಯ ದಿನದ ಊಟ ನನ್ನ ಕಡೆಯಿಂದ: ಮುದ್ದೆ, ಬಸ್ಸಾರು, ಪಲ್ಯ, ಒಂದೆಲಗದ ತಂಬುಳಿ. ಸೊಪ್ಪು ಕೊಯ್ಯಲು ಅಂದು ಬೆಳಿಗ್ಗೆ ಏಳಕ್ಕೆ ಬುಟ್ಟಿ ಹಿಡಿದು ಹಿಂಬದಿಗೆ ಬನ್ನಿ.

ಇಂತಿ,
ಮೂರನೇ ಮಹಡಿಯ ನಿಮ್ಮ ನೆರೆಯವಳು